ನೀರುಗಂಟಿಯ ಕೀಲಿ

ಅರಸೀಕೆರೆಯ ನಮ್ಮ ಬೀದಿಗೆ ನೀರಿಗಿಂತ ಮೊದಲು ಕಬ್ಬಿಣದ ಸದ್ದು ಬರುತ್ತಿತ್ತು. ನೀರುಗಂಟಿ ತನ್ನ ಉದ್ದನೆಯ ಕೀಲಿಯನ್ನು ಜಲ್ಲಿ ರಸ್ತೆಯ ಮೇಲೆ ಎಳೆದುಕೊಂಡು ಬರುವ ಸದ್ದು. ಎದೆಯೆತ್ತರದ ಸರಳು, ಮೇಲೆ ಅಡ್ಡ ಹಿಡಿ, ಬುಡದಲ್ಲಿ ಚೌಕದ ಬಾಯಿ. ಮೂಲೆಯ ಗುಂಡಿಯ ಚಪ್ಪಡಿ ಸರಿಸಿ, ಕೀಲಿಯನ್ನು ಒಳಗಿಳಿಸಿ, ಸೊಂಟ ಬಗ್ಗಿಸಿ ನಾಲ್ಕು ಸುತ್ತು ಸುತ್ತಿದನೆಂದರೆ ಸ್ವಲ್ಪ ಹೊತ್ತಿಗೆ ನಮ್ಮ ಅಂಗಳದ ನಲ್ಲಿ ಕೆಮ್ಮುತ್ತಿತ್ತು, ಗಾಳಿ ಉಗುಳುತ್ತಿತ್ತು, ಒಂದಷ್ಟು ಕೆಂಪು ನೀರು ಚೆಲ್ಲಿ ಆಮೇಲೆ ತಿಳಿಯಾಗುತ್ತಿತ್ತು. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ. ಎಂಬತ್ತರ ದಶಕದ ನನ್ನ ಬಾಲ್ಯ ಆ ಎರಡು ಗಂಟೆಗಳ ಸುತ್ತ ನಡೆದದ್ದು. ಅಮ್ಮ ಹಿತ್ತಾಳೆ ಕೊಳಗದಿಂದ ಹಿಡಿದು ಕಾಫಿ ಲೋಟದವರೆಗೆ ಮನೆಯಲ್ಲಿದ್ದ ಪಾತ್ರೆಯನ್ನೆಲ್ಲ ತುಂಬಿಸಿಡುತ್ತಿದ್ದಳು. ನೀರು ನಿಂತ ಮೇಲೆ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಮುಚ್ಚುವುದು ನನ್ನ ಕೆಲಸ. ಮರೆತರೆ, ನಾವಿಲ್ಲದ ಹೊತ್ತಿನಲ್ಲಿ ನೀರು ಬಂದು ಚರಂಡಿಗೆ ಹರಿದುಹೋದೀತು. ಒಮ್ಮೆ ಹಾಗಾಗಿ ಬೆನ್ನಿಗೆ ಬಿದ್ದ ಗುದ್ದು ಇನ್ನೂ ನೆನಪಿದೆ.

ಅಂಥದೇ ಕೀಲಿಯನ್ನು ಮತ್ತೆ ನೋಡಿದ್ದು ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ, 2021ರ ಫೆಬ್ರವರಿಯಲ್ಲಿ.

ಅಮ್ಮ ಆಗ ನಮ್ಮ ಜೊತೆಗಿದ್ದಳು. 2020ರ ಜನವರಿಯಲ್ಲಿ ಐದು ತಿಂಗಳಿಗೆಂದು ಬಂದವಳು, ಕೊರೋನಾದಿಂದ ವಿಮಾನಗಳು ನಿಂತು, ಆಮೇಲೆ ಓಡಾಡಲು ನಾವು ಹೆದರಿ, ಒಂದು ವರ್ಷ ಕಳೆದರೂ ಉಳಿದಿದ್ದಳು. ಎಪ್ಪತ್ತಮೂರು ವರ್ಷ. ನಾವು ಆ ಮನೆ ಕೊಂಡು ಒಂಬತ್ತು ವರ್ಷವಾಗಿತ್ತು. ಯಾವ ಕಿಟಕಿಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ, ಯಾವ ಬಾಗಿಲು ಮಳೆಗಾಲದಲ್ಲಿ ಹಿಡಿಯುತ್ತದೆ ಎಲ್ಲ ಗೊತ್ತಿತ್ತು. ಗೋಡೆಯ ಒಳಗೆ ನೀರು ಯಾವ ದಾರಿಯಲ್ಲಿ ಬರುತ್ತದೆ ಎಂದು ನಾನಾಗಲಿ ನನ್ನ ಗಂಡನಾಗಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಆಸ್ಟಿನ್ನಿನ ಮನೆಗಳನ್ನು ಕಟ್ಟಿರುವುದು ಬಿಸಿಲಿಗೆ ಹೆದರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಹೆಚ್ಚಿನ ಮನೆಗಳಿಗೆ ನೆಲಮಾಳಿಗೆ ಇಲ್ಲ, ನೆಲಕ್ಕೆ ಕಾಂಕ್ರೀಟು ಹಾಸಿ ಅದರ ಮೇಲೆ ಮರದ ಚೌಕಟ್ಟು ಎಬ್ಬಿಸುತ್ತಾರೆ. ನಮ್ಮ ಮನೆಯ ನೀರಿನ ಕೊಳವೆಗಳು ಗೋಡೆಯೊಳಗೆ ಮೇಲೇರಿ, ಸೂರಿನಡಿಯ ಅಟ್ಟದಲ್ಲಿ ಅಡ್ಡಡ್ಡ ಓಡಿ, ಅಡುಗೆಮನೆಗೂ ಬಚ್ಚಲಿಗೂ ಮತ್ತೆ ಕೆಳಗಿಳಿಯುತ್ತವೆ. ಚಾವಣಿಯ ಮೇಲೆ ಹರಡಿರುವ ಬೂದು ಬಣ್ಣದ ಹತ್ತಿಯಂಥ ಹಾಸು ಕೆಳಗಿನ ಕೋಣೆಗಳನ್ನು ಕಾಪಾಡುತ್ತದೆ. ಅದರ ಮೇಲೆ ಹಾದುಹೋಗುವ ಕೊಳವೆಗೆ ಸಿಗುವುದು ಸೂರಿನ ಕಂಡಿಗಳಿಂದ ನುಗ್ಗುವ ಹೊರಗಿನ ಗಾಳಿ. ನಮ್ಮೂರಿನಲ್ಲಿ ತಾರಸಿಯ ಟ್ಯಾಂಕಿನಿಂದ ಪೈಪು ಗೋಡೆಯ ಹೊರಗೇ ರಾಜಾರೋಷವಾಗಿ ಇಳಿದು ಬರುತ್ತದೆ, ಅದಕ್ಕೇನೂ ಆಗುವುದಿಲ್ಲ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ದೊಡ್ಡ ಚಳಿ 1884ರ ಜನವರಿ 13ರದು, ಆ ದಿನವೂ ಪಾದರಸ ಇಳಿದದ್ದು 7.8 ಡಿಗ್ರಿಗೆ. ಕೊಳವೆಯಲ್ಲಿ ನೀರು ಕಲ್ಲಾಗುವುದು ನಮ್ಮ ಹಿರಿಯರ ಯಾವ ಬುದ್ಧಿಮಾತಿನಲ್ಲೂ ಇಲ್ಲ.

ಆ ವಾರದ ಸುದ್ದಿ ಮೊದಲಿನಿಂದಲೂ ಕೆಟ್ಟದಾಗಿತ್ತು. ಫೆಬ್ರವರಿ 11ರ ಬೆಳಿಗ್ಗೆ ಫೋರ್ಟ್ ವರ್ತ್ ನಗರದ ಹೆದ್ದಾರಿಯಲ್ಲಿ ಮಂಜುಗಡ್ಡೆಯ ಪದರಕ್ಕೆ ಜಾರಿ ನೂರಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಬಿದ್ದು ಆರು ಜನ ಸತ್ತರು. ಮರುದಿನ ರಾಜ್ಯಪಾಲರು ಟೆಕ್ಸಸ್‌ನ ಎಲ್ಲ 254 ಕೌಂಟಿಗಳಿಗೂ ವಿಪತ್ತಿನ ಘೋಷಣೆ ಹೊರಡಿಸಿದರು. ಟಿವಿಯಲ್ಲಿ ಹೇಳುತ್ತಲೇ ಇದ್ದರು: ಹೊರಗಿನ ನಲ್ಲಿಗಳಿಗೆ ಬಟ್ಟೆ ಸುತ್ತಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ರಾತ್ರಿ ನಲ್ಲಿಗಳನ್ನು ತೊಟ್ಟಿಕ್ಕಲು ಬಿಡಿ. ಸಲಹೆಯನ್ನು ಕೇಳಿಸಿಕೊಂಡೆವು, ಆದರೆ ಅದರ ಕಾರಣ ನಮಗೆ ಗೊತ್ತಿರಲಿಲ್ಲ. ಕಾರಣ ಗೊತ್ತಿಲ್ಲದ ಸಲಹೆಯನ್ನು ಮನುಷ್ಯ ಅರ್ಧ ಪಾಲಿಸುತ್ತಾನೆ.

ಶನಿವಾರ ಸಂಜೆ ಎದುರು ಮನೆಯ ತಾತ ಬಂದರು. ಅವರನ್ನು ಮಗಳು ಹಾಗೇ ಕರೆಯುತ್ತಿದ್ದಳು, ಅವರಿಗೂ ಆ ಕನ್ನಡದ ಪದ ರೂಢಿಯಾಗಿತ್ತು. ಮಿನಸೋಟ ರಾಜ್ಯದ ಡುಲೂತ್‌ನವರು. ಸುಪೀರಿಯರ್ ಸರೋವರದ ದಂಡೆಯ ಊರು ಅದು. ಮೂವತ್ತು ವರ್ಷ ಅಲ್ಲಿನ ಶಾಲೆಯೊಂದರ ಕಟ್ಟಡದ ಉಸ್ತುವಾರಿ ನೋಡಿಕೊಂಡವರು, ಬಾಯ್ಲರು, ಕೊಳವೆ, ಸೂರು ಎಲ್ಲವನ್ನೂ ಕೈಯಿಂದ ಬಲ್ಲವರು. ಹಿತ್ತಲಿಗೆ ಹೋದವರೇ ನಮ್ಮ ಗಿಡಗಳಿಗೆ ನೀರು ಹಾಯಿಸುವ ಪೈಪು ನಲ್ಲಿಗೆ ಅಂಟಿಕೊಂಡೇ ಇದ್ದುದನ್ನು ಕಂಡು ಬಿಚ್ಚಿ ಹಾಕಿದರು. ಪೈಪಿನಲ್ಲಿ ನಿಂತ ನೀರು ಗಟ್ಟಿಯಾಗುತ್ತಾ ಹಿಂದಕ್ಕೆ ಸರಿದು ಗೋಡೆಯೊಳಗಿನ ಕೊಳವೆಗೂ ಹೋಗುತ್ತದೆ ಎಂದರು. ಅವರ ಊರಿನಲ್ಲಿ ನೀರಿನ ಕೊಳವೆಯನ್ನು ಆಳುದ್ದಕ್ಕಿಂತ ಆಳದಲ್ಲಿ, ಏಳೆಂಟು ಅಡಿ ಕೆಳಗೆ ಹೂಳುತ್ತಾರಂತೆ. ನೆಲವೇ ಅಡಿಗಟ್ಟಲೆ ಹೆಪ್ಪುಗಟ್ಟುವ ನಾಡು. ಅಲ್ಲಿಂದ ಕೊಳವೆ ನೇರವಾಗಿ ಬೆಚ್ಚಗಿನ ನೆಲಮಾಳಿಗೆಗೆ ಬರುತ್ತದೆ. “ಅಲ್ಲಿ ಮೈನಸ್ 30 ಆದರೂ ನಾನು ನಿದ್ದೆ ಮಾಡುತ್ತಿದ್ದೆ. ಇಲ್ಲಿ ಮೈನಸ್ 10 ಅಂದರೆ ಹೆದರಿಕೆ” ಎಂದರು. ಹೊರಡುವಾಗ ಅಡುಗೆಮನೆಯ ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು, “ಏನೇ ಆದರೂ ಇದನ್ನು ಮುಚ್ಚಬೇಡಿ” ಎಂದು ಹೇಳಿ ಹೋದರು. ಬಚ್ಚಲ ಎರಡು ನಲ್ಲಿಗಳನ್ನೂ ನಾವು ಹಾಗೇ ಬಿಟ್ಟೆವು.

ಅಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಮನೆಯ ಲಕ್ಷ್ಮಿ ಹರಿದುಹೋಗುತ್ತಾಳೆ ಎಂದು ನಂಬಿದವಳು. ನಂಬಿಕೆಗಿಂತ ದೊಡ್ಡದು ಅವಳ ಬದುಕು. ಒಂದು ಕೊಡ ನೀರಿಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ಸಾಲಿನಲ್ಲಿ ನಿಂತವಳ ಕಣ್ಣೆದುರು ಮೂರು ನಲ್ಲಿಗಳು ಸುಮ್ಮನೆ ಸೋರುತ್ತಿವೆ. “ಮೂರು ನಲ್ಲೀನ ಬಿಟ್ಕೊಂಡು ಮಲಗ್ತೀರೇನೇ? ನಿದ್ದೆ ಹೆಂಗೆ ಬರುತ್ತೆ ನಿಮಗೆ?” ಎಂದಳು. ನಾನು ವಿವರಿಸಲು ಹೋದೆ, ನನಗೇ ಸರಿಯಾಗಿ ಗೊತ್ತಿಲ್ಲದ್ದನ್ನು. ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಒಂದೊಂದು ನಲ್ಲಿಯ ಕೆಳಗೂ ಒಂದೊಂದು ತಪ್ಪಲೆ ಇಟ್ಟಳು. ರಾತ್ರಿ ಎರಡೆರಡು ಬಾರಿ ಎದ್ದು, ತುಂಬಿದ್ದನ್ನು ಬಕೆಟ್ಟಿಗೆ, ಬಕೆಟ್ಟು ತುಂಬಿದಾಗ ಸ್ನಾನದ ತೊಟ್ಟಿಗೆ ಸುರಿದಳು. ಕುಕ್ಕರಿನ ಪಾತ್ರೆ, ಇಡ್ಲಿ ಹಿಟ್ಟಿನ ಡಬರಿ, ಮಗಳ ಹುಟ್ಟುಹಬ್ಬಕ್ಕೆ ತಂದಿದ್ದ ಪ್ಲಾಸ್ಟಿಕ್ ಡಬ್ಬ, ಒಂದನ್ನೂ ಬಿಡಲಿಲ್ಲ. ಕುಡಿಯುವುದಕ್ಕೆ ಬೇರೆ, ಬಳಸುವುದಕ್ಕೆ ಬೇರೆ. ನಾನು ಅದನ್ನು ವಯಸ್ಸಾದವರ ಹಟವೆಂದುಕೊಂಡು ಸುಮ್ಮನಾದೆ.

ಭಾನುವಾರ ಸಂಜೆಯಿಂದ ಹಿಮ ಬಿತ್ತು. ಮಗಳು ಕುಣಿದಳು, ಅಮ್ಮ ಬಾಗಿಲಲ್ಲಿ ನಿಂತು ಅಂಗೈ ಚಾಚಿ ನೋಡಿದಳು. ಆ ರಾತ್ರಿ ಒಂದೂವರೆಯ ಹೊತ್ತಿಗೆ, ಅಂದರೆ 15ರ ಸೋಮವಾರ, ಟೆಕ್ಸಸ್‌ನ ವಿದ್ಯುತ್ ಜಾಲ ಕುಸಿಯುವ ಅಂಚಿಗೆ ಬಂದಿತ್ತು. ಅನಿಲದ ಬಾವಿಗಳಿಂದ ಹಿಡಿದು ವಿದ್ಯುತ್ ಸ್ಥಾವರಗಳವರೆಗೆ ಒಂದೊಂದೇ ಚಳಿಗೆ ಕೈಚೆಲ್ಲಿದ್ದವು. ರಾಜ್ಯದ ಬಹುಪಾಲಿನ ಜಾಲ ದೇಶದ ಉಳಿದ ಜಾಲಗಳಿಂದ ಬೇರೆಯಾಗಿರುವುದರಿಂದ ಹೊರಗಿನಿಂದ ಬರಬಹುದಾದ ನೆರವೂ ಅಲ್ಪ. ಇನ್ನು 4 ನಿಮಿಷ 37 ಸೆಕೆಂಡು ಹಾಗೇ ಬಿಟ್ಟಿದ್ದರೆ ಇಡೀ ಜಾಲ ನೆಲಕಚ್ಚಿ ವಾರಗಟ್ಟಲೆ ಕತ್ತಲಾಗುತ್ತಿತ್ತೆಂದು ಆಮೇಲೆ ಹೊರಬಿತ್ತು. ಅದನ್ನು ತಪ್ಪಿಸಲು ಊರೂರುಗಳ ವಿದ್ಯುತ್ ಕಡಿದರು. 40 ಲಕ್ಷಕ್ಕೂ ಹೆಚ್ಚು ಮನೆ ಮತ್ತು ಅಂಗಡಿಗಳು ಕತ್ತಲಾದವು. ನಮಗೆ ಗೊತ್ತಾದದ್ದು ಇಷ್ಟೇ: ಗೋಡೆಯ ಕಂಡಿಯಿಂದ ಬರುತ್ತಿದ್ದ ಬಿಸಿಗಾಳಿಯ ಸದ್ದು ನಿಂತಿತು, ಮತ್ತೆ ಬರಲಿಲ್ಲ.

ಸೋಮವಾರ ರಾತ್ರಿಗೆ ಮನೆಯೊಳಗೆ 9 ಡಿಗ್ರಿ, ಮಂಗಳವಾರ ಬೆಳಿಗ್ಗೆ 5. ಹೊರಗೆ ಸುಮಾರು ಮೈನಸ್ 14. ನಾಲ್ಕೂ ಜನ ಒಂದೇ ಕೋಣೆ ಸೇರಿ, ಹಾಸಿಗೆಯನ್ನು ಒಳಗೋಡೆಗೆ ತಳ್ಳಿ, ಬಾಗಿಲ ಸಂದಿಗೆ ಟವೆಲು ತುರುಕಿ ಮಲಗಿದೆವು. ಅಮ್ಮ ಊರಿಂದ ತಂದಿದ್ದ ಕರಿ ಕಂಬಳಿಯನ್ನು ಮೊಮ್ಮಗಳಿಗೆ ಹೊದಿಸಿ ತಾನು ಸೀರೆಯ ಮೇಲೆ ನನ್ನ ಗಂಡನ ಕೋಟು ಹಾಕಿಕೊಂಡು ಕೂತಿದ್ದಳು. ಹಿತ್ತಲಲ್ಲಿ ಮಾಂಸ ಸುಡುವ ಒಲೆಗೆಂದು ಹಿಂದಿನ ಮನೆಯವರು ಬಿಟ್ಟುಹೋಗಿದ್ದ ಇದ್ದಿಲಿನ ಚೀಲ ಅವಳ ಕಣ್ಣಿಗೆ ಬಿದ್ದಿತ್ತು. “ಒಂದು ಬಾಂಡ್ಲಿಗೆ ಇದ್ದಿಲು ಹಾಕಿ ಅಗ್ಗಿಷ್ಟಿಕೆ ಮಾಡಿದ್ರೆ ಆಯ್ತಪ್ಪ. ಮಗೂ ನಡುಗ್ತಾ ಐತೆ” ಎಂದು ಅಳಿಯನಿಗೆ ಹೇಳಿದಳು. ಅವರು ಎದ್ದು ಬಂದು ಅವಳ ಕೈಹಿಡಿದು, “ಬೇಡಿ ಅತ್ತೆ, ನಿಮ್ಮ ಮನೆ ಹೆಂಚಿನದು, ಹೊಗೆ ಹೋಗೋಕೆ ಸಂದಿ ಇತ್ತು. ಇದು ಡಬ್ಬದ ಹಾಗೆ” ಎಂದರು. ಇದ್ದಿಲು ಉರಿದಾಗ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆ ವಾರ ಟೆಕ್ಸಸ್‌ನಲ್ಲಿ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂತವರು, ಮನೆಯೊಳಗೆ ಇದ್ದಿಲು ಹೊತ್ತಿಸಿದವರು ಮಲಗಿದಲ್ಲೇ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಚಳಿಯಲ್ಲಿ ಕೂತ ತಾಯಿಗೆ ಮಗುವಿನ ನಡುಕ ಕಾಣುತ್ತದೆ, ಗಾಳಿ ಕಾಣುವುದಿಲ್ಲ. ಅವರನ್ನು ತಿಳಿಗೇಡಿಗಳೆಂದು ಯಾರಾದರೂ ಅಂದಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಮಂಗಳವಾರ ರಾತ್ರಿ ಅಮ್ಮ ನನ್ನ ತೋಳು ಮುಟ್ಟಿ ಎಬ್ಬಿಸಿದಳು. “ಅಡಿಗೆಮನೇಲಿ ಸದ್ದು ನಿಂತೋಯ್ತು ಕಣೆ.”

ಹೋಗಿ ನೋಡಿದೆ. ಬಚ್ಚಲ ಎರಡು ನಲ್ಲಿಗಳು ತೊಟ್ಟಿಕ್ಕುತ್ತಿದ್ದವು. ಅಡುಗೆಮನೆಯದು ಒಣಗಿತ್ತು. ಕೆಳಗಿನ ತಪ್ಪಲೆಯ ನೀರಿನ ಮೇಲೆ ಕೆನೆಯಷ್ಟು ತೆಳ್ಳಗೆ ಮಂಜಿನ ಪದರ. ಗ್ಯಾಸಿನ ಒಲೆ ನಮ್ಮದು, ಬೆಂಕಿಕಡ್ಡಿಯಿಂದ ಹಚ್ಚಬಹುದಿತ್ತು. ನೀರು ಕಾಯಿಸಿ, ಬಟ್ಟೆ ಅದ್ದಿ, ಸಿಂಕಿನ ಕೆಳಗಿನ ಕೊಳವೆಗೆ ಸುತ್ತಿದೆವು. ನಲ್ಲಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹೋಗಬೇಕು, ಕರಗಿದ ನೀರಿಗೂ ಹಬೆಗೂ ಹೊರಬರಲು ಬಾಯಿ ಬೇಕು, ಬೆಂಕಿಯ ಜ್ವಾಲೆಯನ್ನಂತೂ ಹತ್ತಿರ ಒಯ್ಯಬಾರದು ಎಂದು ತಾತ ಹೇಳಿದ್ದು ನೆನಪಿತ್ತು. ಕೂದಲು ಒಣಗಿಸುವ ಯಂತ್ರ ಇದಕ್ಕೆ ಸರಿಯಾದದ್ದು, ವಿದ್ಯುತ್ತೇ ಇರಲಿಲ್ಲ. ಒಂದು ಗಂಟೆ ಬಟ್ಟೆ ಬದಲಾಯಿಸಿದೆವು. ಏನೂ ಬರಲಿಲ್ಲ. ಗಟ್ಟಿಯಾಗಿದ್ದು ಸಿಂಕಿನ ಕೆಳಗಲ್ಲ, ಮೇಲೆ, ಕೈಯೂ ಟಾರ್ಚಿನ ಬೆಳಕೂ ಮುಟ್ಟದ ಅಟ್ಟದ ಮೂಲೆಯಲ್ಲಿ.

ಆಮೇಲೆ ನಾನು ಒಂದು ಕೆಲಸ ಮಾಡಿದೆ. ಬಟ್ಟೆಗಳನ್ನು ಹಿಂಡಿ, ಕೈ ಒರೆಸಿಕೊಂಡು, ನೀರು ಬಾರದ ಆ ನಲ್ಲಿಯನ್ನು ಬಿಗಿಯಾಗಿ ಮುಚ್ಚಿದೆ. ಯೋಚಿಸಲೇ ಇಲ್ಲ. ಕೈಗೆ ಗೊತ್ತಿದ್ದ ಕೆಲಸ ಅದು, ಎಂಟನೆಯ ವಯಸ್ಸಿನಿಂದ. ನೀರಿಲ್ಲದ ನಲ್ಲಿಯನ್ನು ತೆರೆದಿಡಬಾರದು.

ಬುಧವಾರ ಬಚ್ಚಲ ನಲ್ಲಿಗಳೂ ಬಡಕಲಾದವು. ಇದು ಮಂಜಿನಿಂದಲ್ಲ. ಊರಿನ ಲಕ್ಷಾಂತರ ನಲ್ಲಿಗಳು ತೊಟ್ಟಿಕ್ಕುತ್ತಿದ್ದವು, ಸಾವಿರಾರು ಮನೆಗಳಲ್ಲಿ ಕೊಳವೆ ಒಡೆದು ನೀರು ಸುರಿಯುತ್ತಿತ್ತು, ನೀರು ಶುದ್ಧಿ ಮಾಡುವ ಘಟಕದಲ್ಲೂ ವಿದ್ಯುತ್ ಹೋಗಿತ್ತು. 17ರ ರಾತ್ರಿ ಇಡೀ ಆಸ್ಟಿನ್ನಿಗೆ ನೀರನ್ನು ಕುದಿಸಿಯೇ ಕುಡಿಯಬೇಕೆಂಬ ಆದೇಶ ಬಂತು. ಅದನ್ನು ತೆಗೆದದ್ದು 23ರಂದು. ಎಷ್ಟೋ ಮನೆಗಳಲ್ಲಿ ಕುದಿಸುವುದಕ್ಕೂ ನೀರಿರಲಿಲ್ಲ, ಕುದಿಸುವ ಒಲೆಯೂ ಇರಲಿಲ್ಲ. ಅಂಗಡಿಗಳ ಮುಂದೆ ಮೈಲುದ್ದದ ಸಾಲು. ಜನ ಹಿಮವನ್ನು ಬಕೆಟ್ಟಿಗೆ ತುಂಬಿ ಕರಗಿಸಿ ಶೌಚಕ್ಕೆ ಸುರಿಯುತ್ತಿದ್ದರು. ನಾವೂ ಮಾಡಿ ನೋಡಿದೆವು. ತುಂಬಿದ ಬಕೆಟ್ಟು ಹಿಮ ಕರಗಿ ಉಳಿದದ್ದು ತಳದಲ್ಲಿ ನಾಲ್ಕು ಬೆರಳು ನೀರು. ಅಮ್ಮ ಅದನ್ನೇ ದಿಟ್ಟಿಸಿ, “ಇಷ್ಟೇನಾ? ಆಕಾಶದ ತುಂಬ ಬಿತ್ತಲ್ಲ” ಎಂದಳು.

ಆಗ ಅವಳ ಪಾತ್ರೆಗಳ ಲೆಕ್ಕ ಹಾಕಿದೆ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ ಇಪ್ಪತ್ತು ಲೀಟರಿನ ಆಸುಪಾಸು ಆಗುತ್ತದೆ. ನಮ್ಮವು ಹನಿಗಿಂತ ಹೆಚ್ಚಾಗಿ ಬಿಟ್ಟಿದ್ದ ನಲ್ಲಿಗಳು, ಮೂರು ದಿನ, ಮೂರು ಕಡೆ. ಕುಡಿಯುವುದಕ್ಕೆಂದು ಮುಚ್ಚಿಟ್ಟ ನೀರೇ ಅರವತ್ತು ಲೀಟರಿಗೆ ಕಡಿಮೆಯಿರಲಿಲ್ಲ. ತೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು. ಬುಧವಾರ ಮಧ್ಯಾಹ್ನ ಪಕ್ಕದ ಬೀದಿಯಲ್ಲಿ ಮೂರು ತಿಂಗಳ ಕೂಸಿದ್ದ ಮನೆಗೆ ನನ್ನ ಗಂಡ ಎರಡು ಡಬ್ಬ ಹೊತ್ತುಕೊಂಡು ಹೋದರು. ಎದುರು ಮನೆಯ ತಾತನಿಗೂ ಒಂದು ಕೊಡದಷ್ಟು ಕೊಟ್ಟೆವು. ಅವರು ಅಮ್ಮನ ಪಾತ್ರೆಗಳ ಸಾಲನ್ನು ನೋಡಿ ಟೋಪಿ ತೆಗೆದು ಅವಳಿಗೆ ತಲೆಬಾಗಿದರು. ಜೊತೆಗೆ ನಮಗೆ ಹೊಳೆಯದ ಇನ್ನೊಂದು ಮಾತು ಹೇಳಿದರು: ಗ್ಯಾರೇಜಿನಲ್ಲಿ ನಿಂತಿರುವ ನೀರು ಕಾಯಿಸುವ ಟ್ಯಾಂಕಿನಲ್ಲಿ ನೂರೈವತ್ತು ಲೀಟರಿಗೂ ಹೆಚ್ಚು ನೀರಿರುತ್ತದೆ, ಬುಡದಲ್ಲಿ ಒಂದು ಸಣ್ಣ ನಲ್ಲಿಯಿದೆ, ಒಲೆ ಆರಿಸಿ ಅದರಿಂದ ಇಳಿಸಿಕೊಳ್ಳಬಹುದು. ನಮ್ಮೂರಿನ ಬಚ್ಚಲ ಹಂಡೆಯೇ ಅದು, ನಿಂತ ರೂಪದಲ್ಲಿ. ಒಂಬತ್ತು ವರ್ಷ ಅದರ ಪಕ್ಕದಲ್ಲೇ ಕಾರು ನಿಲ್ಲಿಸಿದ್ದೆ.

ಗುರುವಾರ ಸಂಜೆ ವಿದ್ಯುತ್ ಬಂತು. ಶುಕ್ರವಾರ ಬಿಸಿಲು. ಸೂರಿನಿಂದ ಹನಿ ಇಳಿಯುತ್ತಿತ್ತು, ಬೀದಿಯಲ್ಲಿ ಮಕ್ಕಳ ಸದ್ದು. ಎಲ್ಲ ಮುಗಿಯಿತೆಂದು ಅಮ್ಮ ನಾಲ್ಕು ದಿನಕ್ಕೆ ಮೊದಲ ಬಾರಿಗೆ ಒಗ್ಗರಣೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಬಚ್ಚಲ ನಲ್ಲಿಗಳಲ್ಲಿ ನೀರು ಚುರುಕಾಯಿತು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ, ಚಾವಣಿಯ ಆಚೆ, ಹೆಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ ಸದ್ದು. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಬಿಳಿ ಚಾವಣಿ ಹೊಟ್ಟೆಯಂತೆ ಕೆಳಗೆ ಜೋತಿತು, ಕಂದು ಬಣ್ಣ ತಿರುಗಿತು, ನಾವು ನೋಡುತ್ತಿದ್ದಂತೆ ಹರಿದು ಬಿತ್ತು. ನೀರು, ಸುಣ್ಣದ ಹಲಗೆ, ಬೂದು ಹತ್ತಿ, ಎಲ್ಲ ಒಟ್ಟಿಗೆ. ನನ್ನ ಗಂಡ ಸಿಂಕಿನ ಕೆಳಗೆ ನುಗ್ಗಿ ಅಲ್ಲಿದ್ದ ಎರಡು ತಿರುಪುಗಳನ್ನು ಮುಚ್ಚಿದರು. ಏನೂ ಆಗಲಿಲ್ಲ. “ಮೇನ್ ಎಲ್ಲಿದೆ?” ಎಂದು ಕೂಗಿದರು. ನಾನು ಅವರ ಮುಖ ನೋಡಿದೆ. ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಇಡೀ ಮನೆಯ ನೀರು ನಿಲ್ಲಿಸುವ ಜಾಗ ಆ ಮನೆಯ ಯಜಮಾನರಿಬ್ಬರಿಗೂ ಗೊತ್ತಿರಲಿಲ್ಲ. ಅಮ್ಮ ಮಾತ್ರ ಸುರಿಯುವ ನೀರಿನ ಕೆಳಗೆ ಬಕೆಟ್ಟು ಹಿಡಿದು ನಿಂತಿದ್ದಳು.

ಬರಿಗಾಲಲ್ಲಿ ಬೀದಿಗೆ ಓಡಿದೆ. ಕೂಗಿದೆನೋ ಅತ್ತೆನೋ ನೆನಪಿಲ್ಲ. ತಾತ ಅವರ ಮನೆಯಿಂದ ಹೊರಬಂದರು. ಅವರ ಕೈಯಲ್ಲಿ ಉದ್ದನೆಯ ಕಬ್ಬಿಣದ ಸರಳಿತ್ತು. ಮೇಲೆ ಅಡ್ಡ ಹಿಡಿ. ನಮ್ಮ ಮನೆಯ ಮುಂದಿನ ಹುಲ್ಲಿನಂಚಿನಲ್ಲಿ ಹಿಮವನ್ನು ಕಾಲಿನಿಂದ ಒತ್ತರಿಸಿ, ಒಂದು ಮುಚ್ಚಳವನ್ನು ಎಬ್ಬಿ ತೆಗೆದು, ಎಪ್ಪತ್ತೆಂಟರ ಮುದುಕರು ಕೆಸರಿನಲ್ಲಿ ಮೊಣಕಾಲೂರಿ ಕೂತರು. ಗುಂಡಿಯ ನೀರನ್ನು ಬೊಗಸೆಯಿಂದ ಎತ್ತಿ ಹಾಕಿದರು. ಮೀಟರಿನ ಪಕ್ಕದ ವಾಲ್ವಿಗೆ ಕೀಲಿ ಕೂರಿಸಿ ಹೆಗಲು ಕೊಟ್ಟು ಕಾಲು ಸುತ್ತು ತಿರುಗಿಸಿದರು. ಒಳಗಿನ ಸದ್ದು ಸಣ್ಣದಾಯಿತು, ನಿಂತಿತು.

ಅಮ್ಮ ಬಾಗಿಲಿಗೆ ಬಂದಿದ್ದಳು, ಸೀರೆಯೆಲ್ಲ ತೊಯ್ದು ಕಾಲಿಗೆ ಅಂಟಿಕೊಂಡಿತ್ತು. ಆ ಕೀಲಿಯನ್ನೇ ನೋಡುತ್ತಾ, “ಇವರು ಇಲ್ಲಿನ ನೀರುಗಂಟಿನಾ?” ಎಂದು ಕೇಳಿದಳು. ನಾನು ಅದನ್ನು ತಾತನಿಗೆ ಹೇಳಿದೆ: ನಮ್ಮೂರಿನಲ್ಲಿ ಇದೇ ಕೀಲಿ ಹಿಡಿದವನು ಬಂದರೆ ನೀರು ಬರುತ್ತಿತ್ತು, ಅವನ ದಾರಿ ಕಾಯುತ್ತಿದ್ದೆವು. ಅವರು ಇನ್ನೂ ಕೆಸರಿನಲ್ಲಿ ಕೂತೇ ಇದ್ದರು. ಕೀಲಿಯ ಹಿಡಿಯನ್ನು ಒರೆಸಿ ಅಮ್ಮನ ಕೈಗೆ ಮುಟ್ಟಲು ಕೊಟ್ಟರು.

ಆಮೇಲಿನ ದಿನಗಳ ವಿವರ ಬೇಡ. ಒದ್ದೆ ಹಲಗೆಗಳನ್ನು ಕಿತ್ತು ಬೀದಿಗೆ ಹಾಕಿದೆವು. ಬೀದಿಯುದ್ದಕ್ಕೂ ಅಂಥವೇ ರಾಶಿಗಳು. ಪ್ಲಂಬರ್ ಸಿಗಲು ಮೂರು ವಾರ ಹಿಡಿಯಿತು. ಬೇರೆ ರಾಜ್ಯಗಳಿಂದಲೂ ಕೆಲಸಗಾರರು ಬಂದಿದ್ದರು, ಜೋಡಿಸುವ ಬಿಡಿಭಾಗಗಳಿಗೇ ಬರ. ನಮ್ಮ ಮನೆಗೆ ಬಂದ ಹುಡುಗ ಅಟ್ಟದಿಂದ ಒಂದು ಗೇಣುದ್ದದ ತಾಮ್ರದ ತುಂಡು ಕತ್ತರಿಸಿ ಕೊಟ್ಟ. ಮೊಣಕೈ ತಿರುವಿನ ಪಕ್ಕದಲ್ಲಿ, ಮೀನು ಬಾಯಿ ತೆರೆದ ಹಾಗೆ, ಹೆಬ್ಬೆರಳುದ್ದದ ಸೀಳು. ಅದನ್ನು ತೆಗೆದುಕೊಂಡು ತಾತನ ಬಳಿ ಹೋದೆ.

ಮಂಜುಗಡ್ಡೆ ಕೊಳವೆಯನ್ನು ಒಳಗಿನಿಂದ ಒತ್ತಿ ಒಡೆಯುತ್ತದೆ ಎಂದೇ ನಾನು ತಿಳಿದಿದ್ದೆ. ನೀರು ಗಟ್ಟಿಯಾದಾಗ ಶೇಕಡ 9ರಷ್ಟು ಹಿಗ್ಗುತ್ತದೆ, ನಿಜ. ಆದರೆ ಹೆಚ್ಚಾಗಿ ನಡೆಯುವುದು ಬೇರೆ ಎಂದರು ತಾತ. ಚಳಿ ಬಡಿದ ಜಾಗದಲ್ಲಿ ಮೊದಲು ಮಂಜಿನ ಬಿರಡೆ ಕಟ್ಟುತ್ತದೆ. ಅದು ಬೆಳೆಯುತ್ತಾ ಮುಂದಿನ ನೀರನ್ನು ನಲ್ಲಿಯ ಕಡೆಗೆ ಒತ್ತುತ್ತದೆ. ನಲ್ಲಿ ತೆರೆದಿದ್ದರೆ ಆ ಒತ್ತಡ ಹೊರಗೆ ಹೋಗುತ್ತದೆ. ಮುಚ್ಚಿದ್ದರೆ ಬಿರಡೆಗೂ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ದಾರಿಯಿಲ್ಲ. ಅದು ಗಟ್ಟಿಯಾಗಬೇಕಾಗಿಯೂ ಇಲ್ಲ, ನೀರಾಗಿಯೇ ತಾಮ್ರವನ್ನು ಸೀಳುತ್ತದೆ. ತೊಟ್ಟಿಕ್ಕಲು ಬಿಡುವುದು ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ ಎಂಬುದಕ್ಕಿಂತ ಹೆಚ್ಚಾಗಿ ಈ ಉಸಿರು ಬಿಡುವ ಬಾಯಿಗಾಗಿ. “ಹೆಪ್ಪುಗಟ್ಟಿದ ಕೊಳವೆಗಳೆಲ್ಲ ಒಡೆಯುವುದಿಲ್ಲ. ನಲ್ಲಿ ತೆರೆದೇ ಇತ್ತಲ್ಲ?” ಎಂದು ಕೇಳಿದರು.

ನಾನು ಮುಚ್ಚಿದ್ದನ್ನು ಹೇಳಿದೆ. ಅವರು ಏನೂ ಅನ್ನಲಿಲ್ಲ. ತುಂಡನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟು ಕಾಫಿ ಮಾಡಲು ಎದ್ದರು. ಅಮ್ಮನಿಗೆ ಹೇಳಿದಾಗ ಅವಳು, “ನಾನೇ ಕಲಿಸಿದ್ದು” ಎಂದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವಳು ಕಲಿಸಿದ್ದೇ ಆ ಮನೆಯಲ್ಲಿ ನಮ್ಮನ್ನು ಉಳಿಸಿದ್ದು ಕೂಡ. ಬರದ ಊರಿನ ಒಂದೇ ಪಾಠದ ಎರಡು ತುದಿಗಳು ಒಂದೇ ವಾರದಲ್ಲಿ ನಮ್ಮ ಮನೆಯಲ್ಲಿ ಎದುರುಬದುರು ನಿಂತಿದ್ದವು. ಪಾತ್ರೆ ಇಟ್ಟ ಕೈ ಅವಳದು, ನಲ್ಲಿ ಮುಚ್ಚಿದ ಕೈ ನನ್ನದು.

ಆ ಚಳಿಗೆ ಟೆಕ್ಸಸ್‌ನಲ್ಲಿ ಸತ್ತವರು ಸರ್ಕಾರದ ಲೆಕ್ಕದಲ್ಲಿ 246 ಜನ. ಹೆಚ್ಚಿನವರು ಮೈಯ ಬಿಸಿ ಇಳಿದು ಸತ್ತರು. ಎಷ್ಟೋ ಜನ ತಮ್ಮದೇ ಮನೆಯಲ್ಲಿ. ಅವರ ಮುಂದೆ ನಮ್ಮ ಚಾವಣಿ ಏನೂ ಅಲ್ಲ. ಆದರೂ ನನಗೆ ಅನ್ನಿಸುವುದನ್ನು ಹೇಳಬೇಕು. ಮನೆ ಮಾರುವಾಗ ನೂರು ಕಾಗದಗಳಿಗೆ ಸಹಿ ಹಾಕಿಸಿಕೊಂಡರು, ಬೀದಿಯಂಚಿನ ಆ ಮುಚ್ಚಳವನ್ನು ಯಾರೂ ತೆರೆದು ತೋರಿಸಲಿಲ್ಲ. ಕೊಳವೆಗಳನ್ನು ಬೆಚ್ಚಗಿನ ಹಾಸಿನ ಕೆಳಗೆ ಒಯ್ಯುವುದು ಕಟ್ಟಿದವರಿಗೆ ಅರ್ಧ ದಿನದ ಕೆಲಸವಾಗಿತ್ತು. ಇಲಿನಾಯ್ ವಿಶ್ವವಿದ್ಯಾಲಯದವರು ತೊಂಬತ್ತರ ದಶಕದಲ್ಲೇ ಅಟ್ಟದಲ್ಲಿ ಕೊಳವೆಗಳನ್ನಿಟ್ಟು ಪರೀಕ್ಷೆ ಮಾಡಿದ್ದಾರೆ. ಹೊದಿಕೆಯಿಲ್ಲದ ಕೊಳವೆಗೆ ಅಪಾಯ ಶುರುವಾಗುವುದು ಹೊರಗೆ ಸುಮಾರು ಮೈನಸ್ 7 ಡಿಗ್ರಿಗೆ ಇಳಿದಾಗ ಎಂದು ಗುರುತಿಸಿದ್ದಾರೆ. ತಿಳಿವಳಿಕೆ ಇತ್ತು, ನಮ್ಮ ಮನೆಯವರೆಗೆ ಬಂದಿರಲಿಲ್ಲ.

ಅಮ್ಮ ಆ ವರ್ಷ ಜುಲೈನಲ್ಲಿ ಊರಿಗೆ ಹೋದಳು. ಆ ಬೇಸಿಗೆಯಲ್ಲಿ ನನ್ನ ಗಂಡ, ಮಗಳು ಇಬ್ಬರೂ ಅಟ್ಟಕ್ಕೆ ಹತ್ತಿ, ಬೆವರು ಸುರಿಸುತ್ತಾ, ಪ್ರತಿ ಕೊಳವೆಗೂ ಫೋಮಿನ ಕವಚ ಹಾಕಿ, ತಿರುವುಗಳಿಗೆ ಟೇಪು ಸುತ್ತಿದರು. ಕೊಳವೆ ಸೂರಿನಂಚಿಗೆ ಹತ್ತಿರವಾಗುವ ಕಡೆ ಹಾಸನ್ನು ಅದರ ಮೇಲಕ್ಕೆ ಎಳೆದು ಹೊದಿಸಿದರು, ಕೆಳಗಿನ ಬಿಸಿ ಅದಕ್ಕೂ ತಾಗಲಿ ಎಂದು. ಇದೇ ಮುಖ್ಯವಾದ ಕೆಲಸ, ಕವಚವೊಂದೇ ಬಿಸಿ ಹುಟ್ಟಿಸುವುದಿಲ್ಲ. 2022ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಮತ್ತೆ ಅಂಥ ಗಾಳಿ ಬೀಸಿತು, ಪಾದರಸ ಮೈನಸ್ 7ರ ಕೆಳಗಿಳಿಯಿತು. ನಲ್ಲಿಗಳನ್ನು ಬಿಟ್ಟೆ, ಕೆಳಗೆ ತಪ್ಪಲೆಗಳನ್ನಿಟ್ಟೆ. ಫೋನಿನಲ್ಲಿ ಅಮ್ಮ ಕೇಳಿದ್ದು ಎರಡೇ ಪ್ರಶ್ನೆ: ಪಾತ್ರೆ ಇಟ್ಟಿದ್ದೀಯಾ, ಆ ತಾತ ಹೆಂಗವ್ರೆ.

ತಾತ ಮರುವರ್ಷ ಮಗನ ಮನೆಗೆ ಹೋದರು. ಹೋಗುವ ಹಿಂದಿನ ದಿನ ಕೀಲಿಯನ್ನು ನಮ್ಮ ಬಾಗಿಲಿಗೆ ಒರಗಿಸಿಟ್ಟಿದ್ದರು. ಅದು ಈಗ ಗ್ಯಾರೇಜಿನ ಗೋಡೆಯ ಮೊಳೆಯಲ್ಲಿ, ಟ್ಯಾಂಕಿನ ಪಕ್ಕ ತೂಗುತ್ತದೆ.

ಕಳೆದ ನವೆಂಬರಿನಲ್ಲಿ ಅವರ ಮನೆಗೆ ಫ್ಲಾರಿಡಾದಿಂದ ಒಂದು ಎಳೆಯ ದಂಪತಿ ಬಂದರು, ಕಂಕುಳಲ್ಲಿ ಕೂಸು. ಹಿಮ ನೋಡಿದವರಲ್ಲ. ಎರಡನೆಯ ವಾರ ನಾನು ಕೀಲಿ ತೆಗೆದುಕೊಂಡು ಹೋದೆ. ಹುಲ್ಲಿನಂಚಿನ ಮುಚ್ಚಳ ಮಣ್ಣಿನಡಿ ಅರ್ಧ ಹೂತಿತ್ತು, ಎಬ್ಬಿ ತೆಗೆದೆವು. ಒಳಗೆ ಒಣ ಎಲೆ, ಜೇಡರ ಬಲೆ. ಆಕೆ ಮೊಣಕಾಲೂರಿ ಕೂತು ಮಣ್ಣನ್ನು ಕೈಯಿಂದ ಬಾಚಿ ಹಾಕಿದಳು. ವಾಲ್ವಿನ ತಲೆ ಕೊಳವೆಯ ಜೊತೆಗೇ ಮಲಗಿದ್ದರೆ ತೆರೆದಿದೆ, ಅಡ್ಡವಾದರೆ ಮುಚ್ಚಿದೆ ಎಂದು ತೋರಿಸಿದೆ. ನಾನು ತಿರುಗಿಸಲಿಲ್ಲ, ಅವಳ ಕೈಗೇ ಕೊಟ್ಟೆ. ಬಿಗಿಯಾಗಿತ್ತು. ಹೆಗಲು ಕೊಟ್ಟಾಗ ತಿರುಗಿತು. ಗಂಡ ಕೂಸನ್ನೆತ್ತಿಕೊಂಡು ಒಳಗೆ ಹೋಗಿ ನಲ್ಲಿ ಬಿಟ್ಟು, ನೀರು ನಿಂತಿತೆಂದು ಕೂಗಿ ಹೇಳಿದ. ಆಕೆ ಕೀಲಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು. ತೆರೆದಿದ್ದ ಬಾಗಿಲಿನಿಂದ ನಲ್ಲಿ ಕೆಮ್ಮಿದ ಸದ್ದು, ಗಾಳಿ ಉಗುಳಿದ ಸದ್ದು, ಆಮೇಲೆ ನೀರಿನ ಸದ್ದು ಬೀದಿಯವರೆಗೂ ಕೇಳಿಸಿತು.